ಹೆರಿಗೆ ಕೋಣೆಯಲ್ಲಿ ಮೊದಲು ಅವಳನ್ನು ಕೇಳಿ: ಇಬ್ಬರು ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ಹಾಗೂ ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ನಮಸ್ಕಾರಗಳು.

ನಿಮ್ಮಿಬ್ಬರಿಗೂ ಒಟ್ಟಿಗೇ ಬರೆಯಲು ಕಾರಣವಿದೆ. ನಮ್ಮ ರಾಜ್ಯದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆಗಳನ್ನು ನಡೆಸುವ ಇಲಾಖೆ ಒಂದು, ಸರ್ಕಾರಿ ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳನ್ನು ನಡೆಸುವ ಇಲಾಖೆ ಇನ್ನೊಂದು. ನೋವು ತಿನ್ನುತ್ತಾ 108ರಲ್ಲಿ ತಾಲ್ಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ ಬರುವ ಬಸುರಿಗೆ ಈ ಗಡಿ ಕಾಣುವುದಿಲ್ಲ. ಒಂದೇ ರಾತ್ರಿಯಲ್ಲಿ ಎರಡೂ ಕಡೆ ಅವಳ ಒಳಪರೀಕ್ಷೆ ಆಗಿರುತ್ತದೆ. ಎರಡೂ ಕಡೆ ಅವಳನ್ನು ಯಾರೂ ಕೇಳಿರುವುದಿಲ್ಲ.

ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ರಾಜ್ಯದ ಯಾವ ಹೆರಿಗೆ ಕೋಣೆಯಲ್ಲಾಗಲಿ, ಪ್ರತಿ ಸಲ ಒಳಪರೀಕ್ಷೆ ಮಾಡುವ ಮೊದಲು ಏಕೆ ಮಾಡುತ್ತಿದ್ದೇವೆಂದು ಆ ಹೆಂಗಸಿಗೆ ತಿಳಿಸಬೇಕು, ಅವಳ ಒಪ್ಪಿಗೆ ಕೇಳಬೇಕು, ಅವಳು ಕೊಟ್ಟ ಉತ್ತರವನ್ನು ಕೇಸ್ ಶೀಟಿನಲ್ಲಿ ಬರೆಯಬೇಕು. ಬೇಡ ಎಂದಳೆಂದು ಅವಳಿಗೆ ಸಿಗಬೇಕಾದ ಬೇರೆ ಯಾವ ಆರೈಕೆಯೂ ಕಡಿಮೆಯಾಗಬಾರದು. ಇದಕ್ಕೆ ಹೊಸ ಕಟ್ಟಡ ಬೇಡ, ಯಂತ್ರ ಬೇಡ, ಬಜೆಟ್ಟಿನಲ್ಲಿ ದೊಡ್ಡ ಮೊತ್ತವೂ ಬೇಡ. ಒಂದು ಆದೇಶ ಬೇಕು, ಅದು ಜಾರಿಯಾಗುತ್ತಿದೆಯೇ ಎಂದು ನೋಡುವ ಕಣ್ಣು ಬೇಕು.

ಓದುವವರಲ್ಲಿ ಗಂಡಸರೂ ಇರುತ್ತಾರೆ, ಮೊದಲ ಬಸುರಿನ ಹುಡುಗಿಯರೂ ಇರುತ್ತಾರೆ. ಹಾಗಾಗಿ ವಿಷಯ ಬಿಡಿಸಿಯೇ ಹೇಳುತ್ತೇನೆ. ಹೆರಿಗೆ ನೋವು ಶುರುವಾದ ಮೇಲೆ ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ, ಮಗುವಿನ ತಲೆ ಎಷ್ಟು ಕೆಳಗೆ ಇಳಿದಿದೆ, ನೀರಿನ ಚೀಲ ಒಡೆದಿದೆಯೋ ಇಲ್ಲವೋ ಎಂದು ತಿಳಿಯಲು ಡಾಕ್ಟರೋ ನರ್ಸೋ ಗ್ಲೌಸ್ ಹಾಕಿದ ಎರಡು ಬೆರಳನ್ನು ಯೋನಿಯೊಳಗೆ ಇಟ್ಟು ನೋಡುತ್ತಾರೆ. ಇದೇ ಒಳಪರೀಕ್ಷೆ, ಆಸ್ಪತ್ರೆಯವರ ಬಾಯಲ್ಲಿ ‘ಪಿ.ವಿ.’. ಹಳ್ಳಿಯ ಹೆಂಗಸರು ‘ಕೈ ಹಾಕಿ ನೋಡೋದು’ ಅನ್ನುತ್ತಾರೆ. ಬಾಣಂತನದ ಕೋಣೆಯಲ್ಲಿ, ನಾಕು ಹೆಂಗಸರೇ ಇದ್ದಾಗ, ದನಿ ತಗ್ಗಿಸಿ ಆಡುವ ಮಾತು ಇದು. ಹೊಲಿಗೆಯ ನೋವನ್ನು, ಹಾಲು ಬರದ ಸಂಕಟವನ್ನು ಗಂಡನ ಹತ್ತಿರ ಹೇಳಿಕೊಂಡವರೂ ಇದನ್ನು ಹೇಳಿರುವುದಿಲ್ಲ. ಆಸ್ಪತ್ರೆಯ ಸಲಹಾ ಪೆಟ್ಟಿಗೆಗೆ ಇದರ ಬಗ್ಗೆ ಯಾರೂ ಚೀಟಿ ಬರೆದು ಹಾಕುವುದಿಲ್ಲ. ದೂರು ಬಂದಿಲ್ಲ ಎಂದು ನಿಮ್ಮ ಅಧಿಕಾರಿಗಳು ನಿಮಗೆ ಹೇಳಿದರೆ, ಆ ಮಾತು ನಿಜವೇ ಇರುತ್ತದೆ. ಅದರಿಂದ ಎಲ್ಲವೂ ಸರಿಯಿದೆ ಎಂದು ದಯವಿಟ್ಟು ತೀರ್ಮಾನಿಸಬೇಡಿ.

ನನಗೆ ಇಬ್ಬರು ಮಕ್ಕಳು. ಮೊದಲ ಹೆರಿಗೆ ಒಂದು ಬೋಧನಾ ಆಸ್ಪತ್ರೆಯಲ್ಲಿ ಆಯಿತು. ರೆಕ್ಸಿನ್ ಹಾಸಿದ ಮಂಚ, ಪಕ್ಕದ ಮಂಚಕ್ಕೂ ನನಗೂ ನಡುವೆ ಅರ್ಧ ಕೊಂಡಿ ಕಳಚಿ ಜೋತಾಡುತ್ತಿದ್ದ ಪರದೆ. ಬಂದವರು ಗ್ಲೌಸ್ ಎಳೆದುಕೊಳ್ಳುತ್ತಲೇ ‘ಕಾಲು ಅಗಲಿಸಮ್ಮ’ ಅಂದರು. ಅವರು ಯಾರು, ಡಾಕ್ಟರೋ ನರ್ಸೋ ಎಂದು ನನಗೆ ಗೊತ್ತಾಗಲಿಲ್ಲ. ನೋವು ಏರುತ್ತಿದ್ದ ಹೊತ್ತಿಗೇ ಕೈ ಒಳಗೆ ಹೋಯಿತು. ನಾನು ಸೊಂಟ ಎತ್ತಿದೆ. ‘ಹಿಂಗೆಲ್ಲ ಮಾಡಿದ್ರೆ ಹೆಂಗಮ್ಮ’ ಎಂದು ತೊಡೆಯ ಮೇಲೆ ಒಂದು ಏಟು ಬಿತ್ತು. ‘ನಾಲ್ಕು’ ಎಂದು ಅವರು ಹೆಗಲ ಮೇಲಿಂದ ಹಿಂದಕ್ಕೆ ಕೂಗಿದರು. ‘ಯಾವ ಬೆಡ್ಡು?’ ಎಂದು ಮೇಜಿನ ಹತ್ತಿರ ಕುಳಿತವರು ಕೇಳಿದರು. ಇಷ್ಟು ಹೊತ್ತಿಗೆ ಹಿಂದೆ ನಿಂತಿದ್ದ ಒಬ್ಬ ಹೌಸ್ ಸರ್ಜನ್ ಹುಡುಗಿ, ‘ಮೇಡಂ, ನಾನೂ ಒಂದ್ಸಲ ನೋಡ್ಲಾ?’ ಅಂದಳು. ಮೇಡಂ ‘ಹ್ಞೂಂ, ನೋಡು’ ಅಂದರು. ಆ ಹುಡುಗಿ ಒಳ್ಳೆಯವಳು, ಅನುಮತಿ ಕೇಳಬೇಕೆಂಬ ಸೌಜನ್ಯ ಅವಳಲ್ಲಿತ್ತು. ಆದರೆ ದೇಹ ನನ್ನದು, ಕೇಳಿದ್ದು ಮೇಡಂರನ್ನು. ಒಪ್ಪಿಗೆ ಕೊಟ್ಟವರೂ ಮೇಡಮ್ಮೇ.

ಸಚಿವರೇ, ನಾನು ಬರೆಯುತ್ತಿರುವುದು ಈ ಒಂದು ಪ್ರಶ್ನೆಯ ದಿಕ್ಕು ತಿರುಗಿಸಲಿಕ್ಕಾಗಿಯೇ.

ನನ್ನ ಎರಡನೆಯ ಹೆರಿಗೆ ತವರಿನ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ. ಅಲ್ಲಿಯ ಕಟ್ಟಡ ಹಳೆಯದು, ರಾತ್ರಿ ಪಾಳಿಗೆ ಇದ್ದವರೂ ಕಡಿಮೆ. ಅಲ್ಲಿದ್ದ ಸಿಸ್ಟರ್ ಮೊದಲು ಹೊಟ್ಟೆಯ ಮೇಲೆ ಕೈಯಿಟ್ಟು ಎಷ್ಟು ಹೊತ್ತಿಗೊಂದು ನೋವು ಬರುತ್ತಿದೆ ಎಂದು ಗಡಿಯಾರ ನೋಡಿದರು, ಮಗುವಿನ ಎದೆಬಡಿತ ಕೇಳಿದರು. ಆಮೇಲೆ ನನ್ನ ತಲೆಯ ಹತ್ತಿರ ಬಂದು ನಿಂತು ಹೇಳಿದರು: ‘ಈಗ ಒಂದ್ಸಲ ಒಳಗೆ ನೋಡ್ಬೇಕು ಕಣಮ್ಮ. ಬಾಯಿ ಎಷ್ಟು ಬಿಟ್ಟಿದೆ ಗೊತ್ತಾದ್ರೆ ಇಲ್ಲೇ ಆಗುತ್ತೋ, ದೊಡ್ಡಾಸ್ಪತ್ರೆಗೆ ಕಳಿಸ್ಬೇಕೋ ಹೇಳ್ಬೋದು. ನೋಡ್ಲಾ?’ ನಾನು, ‘ಈ ನೋವು ಇಳೀಲಿ ಸಿಸ್ಟರ್’ ಅಂದೆ. ‘ಆಗ್ಲಿ, ನೀನೇ ಹೇಳು’ ಅಂದರು. ಗ್ಲೌಸ್ ಹಾಕಿದ ಕೈಯನ್ನು ಯಾವುದಕ್ಕೂ ತಾಗದ ಹಾಗೆ ಮೇಲಕ್ಕೆ ಎತ್ತಿ ಹಿಡಿದುಕೊಂಡು ಕಾದರು. ‘ಹ್ಞೂಂ’ ಅಂದ ಮೇಲೆ, ‘ಬೆರಳು ಇಡ್ತಿದೀನಿ, ಸಾಕು ಅನ್ನಿಸಿದ್ರೆ ಹೇಳು, ತೆಗೀತೀನಿ’ ಅಂದರು. ಒಳಪರೀಕ್ಷೆಯ ನೋವು ಅಲ್ಲೂ ಇತ್ತು. ಆದರೆ ಅವಮಾನ ಇರಲಿಲ್ಲ. ಹೆಚ್ಚಿಗೆ ತಗುಲಿದ ಸಮಯ ಒಂದು ನೋವು ಏರಿ ಇಳಿಯುವಷ್ಟು, ಅಂದರೆ ಒಂದು ನಿಮಿಷ, ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ.

ಹಾಗಾಗಿ ‘ನಮ್ಮಲ್ಲಿ ಜನಸಂದಣಿ, ಸಿಬ್ಬಂದಿ ಸಾಲದು, ಇದೆಲ್ಲ ಕೇಳಿಕೊಂಡು ಕೂರಲು ಪುರುಸೊತ್ತಿಲ್ಲ’ ಎಂಬ ಉತ್ತರವನ್ನು ನಾನು ಪೂರ್ತಿ ಒಪ್ಪಲಾರೆ. ಸಿಬ್ಬಂದಿ ಸಾಲದು ಎಂಬುದು ಸುಳ್ಳಲ್ಲ. ರಾತ್ರಿಯಿಡೀ ನಿಂತ ಕಾಲಲ್ಲೇ ಒಂದಾದ ಮೇಲೊಂದು ಹೆರಿಗೆ ಮಾಡಿಸುವ ನರ್ಸುಗಳನ್ನು ನಾನೂ ನೋಡಿದ್ದೇನೆ. ಅವರಿಗೆ ಊಟಕ್ಕೆ ಬಿಡುವಿಲ್ಲ, ಬೈದವರಿಗೆ ಲೆಕ್ಕವಿಲ್ಲ, ಏನಾದರೂ ಹೆಚ್ಚುಕಡಿಮೆಯಾದರೆ ಮೊದಲು ಕುತ್ತಿಗೆ ಹಿಡಿಯುವುದೂ ಅವರದ್ದೇ. ಹುದ್ದೆ ತುಂಬಿ, ಹೊರೆ ಇಳಿಸಿ ಎಂದು ಈ ಪತ್ರದಲ್ಲೇ ಕೇಳುತ್ತೇನೆ. ಆದರೆ ‘ನೋಡ್ಲಾ?’ ಎಂದು ಕೇಳಲು ಹುದ್ದೆ ತುಂಬುವವರೆಗೆ ಕಾಯಬೇಕಾಗಿಲ್ಲ.

ಒಳಪರೀಕ್ಷೆಯೇ ಬೇಡ ಎಂದು ನಾನು ವಾದಿಸುತ್ತಿಲ್ಲ. ನೀರು ಒಡೆದಿದೆ, ಮಗುವಿನ ತಲೆ ಇನ್ನೂ ಮೇಲೇ ಇದೆ, ಎದೆಬಡಿತ ಇದ್ದಕ್ಕಿದ್ದಂತೆ ಇಳಿಯುತ್ತಿದೆ ಎಂದರೆ ಹೊಕ್ಕುಳಬಳ್ಳಿ ಜಾರಿ ಕೆಳಗೆ ಬಂದಿದೆಯೋ ಎಂದು ತಕ್ಷಣ ನೋಡಲೇಬೇಕು. ನೋವು ಬರಿಸುವ ಔಷಧ ಕೊಡುವ ಮೊದಲು ಗರ್ಭಕೋಶದ ಬಾಯಿ ಮೆತ್ತಗಾಗಿದೆಯೇ ಎಂದು ತಿಳಿದಿರಬೇಕು. ಮುಕ್ಕಬೇಕು ಅನ್ನಿಸುತ್ತಿರುವ ಹೆಂಗಸಿಗೆ ಬಾಯಿ ಪೂರ್ತಿ ತೆರೆದಿದೆಯೋ ಇಲ್ಲವೋ ಎಂಬ ಅನುಮಾನ ಬಂದಾಗಲೂ ನೋಡಬೇಕಾಗಬಹುದು. ಇಂಥ ಕಡೆ ಒಂದು ಪರೀಕ್ಷೆ ತಾಯಿ ಮಗು ಇಬ್ಬರ ಜೀವ ಉಳಿಸುತ್ತದೆ. ಮಾಡಲೇಬಾರದ ಹೊತ್ತೂ ಉಂಟು: ಬಸುರಿಯಲ್ಲಿ ರಕ್ತ ಹೋಗುತ್ತಿದ್ದರೆ, ಮಾಸು ಕೆಳಗೆ ಕೂತಿಲ್ಲ ಎಂದು ಸ್ಕ್ಯಾನಿನಲ್ಲಿ ಖಚಿತವಾಗುವವರೆಗೆ ಒಳಗೆ ಬೆರಳು ಇಡಬಾರದೆಂದು ಪ್ರತಿ ವೈದ್ಯ ವಿದ್ಯಾರ್ಥಿಗೂ ಕಲಿಸುತ್ತಾರೆ. ಅಂದರೆ ಇದು ಕಾರಣ ನೋಡಿ, ಹೊತ್ತು ನೋಡಿ ಮಾಡುವ ಕೆಲಸ. ವಾರ್ಡಿನಲ್ಲಿ ಸುತ್ತು ಬರುವಾಗೆಲ್ಲ ಮಾಡುವ ಕೆಲಸವಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆ ಆರೈಕೆಯ ಬಗ್ಗೆ ಕೊಟ್ಟ ಶಿಫಾರಸುಗಳಲ್ಲಿ ಇದಕ್ಕೊಂದು ಅಳತೆಯಿದೆ. ಬೇರೆ ತೊಂದರೆಯಿಲ್ಲದ ಹೆಂಗಸಿಗೆ, ಬಾಯಿ 5 ಸೆಂ.ಮೀ. ತೆರೆದು ನೋವು ಬಲಿತ ಹಂತದಲ್ಲಿ, ನಾಲ್ಕು ಗಂಟೆಗೊಮ್ಮೆ ಒಳಪರೀಕ್ಷೆ ಸಾಕು. ಒಂದೇ ಹೊತ್ತಿನಲ್ಲಿ ಬೇರೆ ಬೇರೆಯವರು ಮತ್ತೆ ಮತ್ತೆ ನೋಡುವುದನ್ನು ತಪ್ಪಿಸಬೇಕು. ಗಂಟೆಗೆ ಒಂದು ಸೆಂ.ಮೀ. ತೆರೆಯಲೇಬೇಕು ಎಂಬ ಹಳೆಯ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ, ತಾಯಿ ಮಗು ಚೆನ್ನಾಗಿದ್ದರೆ ಅವಸರ ಬೇಡ ಎಂದೂ ಅದೇ ದಾಖಲೆ ಹೇಳುತ್ತದೆ. ನಮ್ಮಲ್ಲಿ ನಡೆಯುವುದೇನು? ಪಾಳಿ ಬದಲಾದಾಗ ಹೊಸದಾಗಿ ಬಂದವರು ಒಮ್ಮೆ ನೋಡುತ್ತಾರೆ. ಪಿ.ಜಿ. ವಿದ್ಯಾರ್ಥಿ ನೋಡಿದ್ದನ್ನು ದೊಡ್ಡ ಡಾಕ್ಟರು ಖಚಿತ ಮಾಡಿಕೊಳ್ಳಲು ನೋಡುತ್ತಾರೆ. ಕಲಿಯುವವರು ಕಲಿಯಲು ನೋಡುತ್ತಾರೆ. ‘ಇನ್ನೂ ಆಗಿಲ್ವಾ’ ಎಂದು ಯಾರೋ ಕೇಳಿದರೆಂದು ಇನ್ನೊಮ್ಮೆ ನೋಡುತ್ತಾರೆ. ಇದರಲ್ಲಿ ನಾಚಿಕೆಯ ಪ್ರಶ್ನೆ ಒಂದೇ ಇಲ್ಲ. ನೀರು ಒಡೆದ ಮೇಲೆ ಪ್ರತಿ ಪರೀಕ್ಷೆಯೂ ಸೋಂಕು ಒಳಗೇರಲು ಇನ್ನೊಂದು ದಾರಿ ಮಾಡಿಕೊಡುತ್ತದೆ. ತಾಯಿಯ ಜ್ವರ, ಗರ್ಭಕೋಶದ ಸೋಂಕು, ಮಗುವಿನ ನಂಜು ಎಂದೆಲ್ಲ ಆಮೇಲೆ ಆಂಟಿಬಯಾಟಿಕ್ ಬರೆಯುವುದಕ್ಕಿಂತ ಬೇಡದ ಪರೀಕ್ಷೆ ಬಿಡುವುದು ಅಗ್ಗ.

ಒಳಗೆ ನೋಡದೆಯೂ ತಿಳಿಯಬಹುದಾದ್ದು ಬಹಳಷ್ಟಿದೆ. ಹತ್ತು ನಿಮಿಷಕ್ಕೆ ಎಷ್ಟು ನೋವು, ಒಂದೊಂದೂ ಎಷ್ಟು ಸೆಕೆಂಡು ಎಂದು ಹೊಟ್ಟೆಯ ಮೇಲೆ ಕೈಯಿಟ್ಟೇ ಎಣಿಸುತ್ತಾರೆ. ಮಗುವಿನ ತಲೆ ಎಷ್ಟು ಇಳಿದಿದೆ ಎಂಬುದನ್ನು ಐದರಲ್ಲಿ ಎಷ್ಟು ಪಾಲು ಇನ್ನೂ ಕೈಗೆ ಸಿಗುತ್ತಿದೆ ಎಂದು ಹೊರಗಿನಿಂದಲೇ ಅಳೆಯುವ ಕ್ರಮ ನರ್ಸಿಂಗ್ ಪಾಠದಲ್ಲೇ ಇದೆ. ಹೆಂಗಸಿನ ಉಸಿರು, ಅವಳು ಹೊರಡಿಸುವ ದನಿ, ಮುಕ್ಕುವ ಒತ್ತಡ ಇವೆಲ್ಲ ಅನುಭವಸ್ಥರಿಗೆ ಮಾತಾಡುತ್ತವೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಹಳ್ಳಿಯ ಹೆರಿಗೆಗಳು ಸುರಕ್ಷಿತವಾಗಿದ್ದವು ಎಂದು ನಾನು ಹೇಳುವುದಿಲ್ಲ, ಎಷ್ಟೋ ತಾಯಂದಿರು ಸತ್ತಿದ್ದಾರೆ. ನಾವು ಆಸ್ಪತ್ರೆಗೆ ಬಂದದ್ದು ಒಳ್ಳೆಯದೇ ಆಯಿತು. ಆದರೆ ಹೆರುವವಳ ಪಕ್ಕದಲ್ಲಿ ಕೂತು, ಅವಳ ಜೊತೆ ಮಾತಾಡುತ್ತಾ, ಕಾಯುವ ಗುಣವನ್ನು ಮನೆಯಲ್ಲೇ ಬಿಟ್ಟು ಬರಬೇಕಾಗಿರಲಿಲ್ಲ.

ಆಸ್ಪತ್ರೆಗೆ ಬನ್ನಿ ಎಂದು ಕರೆದದ್ದು ಸರ್ಕಾರ. ಜನನಿ ಸುರಕ್ಷಾ ಯೋಜನೆ ಬಂದದ್ದು 2005ರಲ್ಲಿ. ತಾಯಿ ಕಾರ್ಡ್, ಮಡಿಲು ಕಿಟ್, 108, ಮನೆಗೆ ಬಿಡಲು ನಗು-ಮಗು ವಾಹನ, ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ, ಎಲ್ಲ ಸೇರಿ 2019ರ ಹೊತ್ತಿಗೇ ರಾಜ್ಯದ ಹೆರಿಗೆಗಳಲ್ಲಿ ಶೇ. 97ರಷ್ಟು ಆಸ್ಪತ್ರೆಯಲ್ಲೇ ಆಗುತ್ತಿದ್ದವು ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಹೆರಿಗೆಗೆ ಬೇರೆ ಜಾಗವೇ ಇಲ್ಲ ಎಂದಾದ ಮೇಲೆ, ಆ ಜಾಗದಲ್ಲಿ ಏನು ನಡೆಯುತ್ತದೆ ಎಂಬುದರ ಜವಾಬ್ದಾರಿ ಕರೆದವರದ್ದೇ.

ಒಳ್ಳೆಯ ಮಾತುಗಳು ಕಾಗದದ ಮೇಲೆ ಈಗಾಗಲೇ ಬೇಕಾದಷ್ಟಿವೆ. ಹೆರಿಗೆಯ ಹೊತ್ತಿಗೆ ಜೊತೆಗೊಬ್ಬರು ಇರಬಹುದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿತು. 2017ರ ಡಿಸೆಂಬರಿನಲ್ಲಿ ಬಂದ ‘ಲಕ್ಷ್ಯ’ ಕಾರ್ಯಕ್ರಮದಲ್ಲಿ ಹೆರಿಗೆ ಕೋಣೆಯ ಪರದೆಯಿಂದ ಹಿಡಿದು ಗೌರವದ ನಡವಳಿಕೆಯವರೆಗೆ ಎಲ್ಲಕ್ಕೂ ಅಂಕವಿದೆ, ಮೆಡಿಕಲ್ ಕಾಲೇಜು ಆಸ್ಪತ್ರೆಗಳೂ ಅದರೊಳಗೆ ಬರುತ್ತವೆ. 2019ರಲ್ಲಿ ತಾಯಿ ಮಗುವಿಗೆ ಗೌರವದ, ಉಚಿತ ಆರೈಕೆಯ ಭರವಸೆ ಕೊಡುವ ‘ಸುಮನ್’ ಯೋಜನೆ ಬಂತು. ಆದರೂ ಹೊರಗಿನ ಬೆಂಚಿನಲ್ಲಿ ಕೂತ ತಾಯಿಗೆ ‘ಒಳಗೆ ಬರಬೇಡಿ’ ಎಂದು ಗದರುವುದು ನಿಂತಿಲ್ಲ. ತಪಾಸಣೆಯ ತಂಡ ಬಂದ ದಿನ ಹೊಸ ಪರದೆ, ಹೋದ ಮೇಲೆ ಮತ್ತೆ ಅದೇ ಜೋತಾಡುವ ಕೊಂಡಿ ಎಂದಾಗಬಾರದು. ಅಂಕ ಕೊಡುವವರು ಪರದೆಯನ್ನು ಎಣಿಸುವುದರ ಜೊತೆಗೆ, ಹೆತ್ತು ಮಲಗಿರುವ ತಾಯಂದಿರ ಹತ್ತಿರ ಕೂತು ‘ನಿಮ್ಮನ್ನು ಕೇಳಿ ಮುಟ್ಟಿದರಾ?’ ಎಂದೂ ವಿಚಾರಿಸಬೇಕು.

ಕಾನೂನಿನ ಮಾತಿಗೆ ಬರುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಒಮ್ಮತದಿಂದ ತೀರ್ಪು ಕೊಟ್ಟರು. ಆ ಮೊಕದ್ದಮೆ ಹೂಡಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅದಕ್ಕೂ ಮೊದಲು, 2008ರಲ್ಲಿ, ಸಮೀರಾ ಕೊಹ್ಲಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿದ್ದು ಹೆರಿಗೆ ಕೋಣೆಗೆ ಇನ್ನೂ ಹತ್ತಿರದ್ದು. ತಪಾಸಣೆಗೆಂದು ಬಂದು ಅರಿವಳಿಕೆಯಲ್ಲಿದ್ದ ಮಹಿಳೆಯ ಗರ್ಭಕೋಶ, ಅಂಡಾಶಯಗಳನ್ನು ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದುಬಿಟ್ಟಿದ್ದರು. ಜೀವಕ್ಕೆ ತುರ್ತು ಇಲ್ಲದಾಗ, ಬುದ್ಧಿ ಬಂದ ವಯಸ್ಕಳ ಬದಲು ಮನೆಯವರು ಒಪ್ಪಿಗೆ ಕೊಟ್ಟರೆ ನಡೆಯುವುದಿಲ್ಲ, ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಆಗುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ನಮ್ಮಲ್ಲಿ ಅಡ್ಮಿಷನ್ ಹೊತ್ತಿಗೆ ಒಂದು ಫಾರಂ ಕೊಡುತ್ತಾರೆ. ಸಹಿ ಹಾಕುವುದು ಬಹುಪಾಲು ಗಂಡ, ಇಲ್ಲವೇ ಅವ್ವ, ಇಲ್ಲವೇ ಅತ್ತೆ. ಆ ಒಂದು ಸಹಿಯ ಮೇಲೆ ರಾತ್ರಿಯಿಡೀ ಯಾರು ಬೇಕಾದರೂ ಒಳಪರೀಕ್ಷೆ ಮಾಡಬಹುದು ಎಂದು ತಿಳಿದುಕೊಂಡಿದ್ದೇವೆ. ಈ ತಿಳಿವಳಿಕೆ ತಪ್ಪು ಎಂದು ನಿಮ್ಮ ಇಲಾಖೆಗಳೇ ಬರೆದು ತಿಳಿಸಬೇಕು.

ಇನ್ನೊಂದು ಕೊರತೆ ನಮ್ಮ ರಾಜ್ಯದ್ದೇ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದಾಗ ಅದರಲ್ಲಿ ರೋಗಿಗಳ ಹಕ್ಕಿನ ಸನ್ನದು ಸೇರಿತು, ಜಿಲ್ಲಾ ಮಟ್ಟದಲ್ಲಿ ದೂರು ಕೇಳುವ ಪ್ರಾಧಿಕಾರ ಬಂತು. ಸರ್ಕಾರಿ ಆಸ್ಪತ್ರೆಗಳು ಆ ಕಾಯ್ದೆಯ ಹೊರಗೇ ಉಳಿದವು. ದುಡ್ಡು ಕೊಟ್ಟು ಹೆರುವವಳಿಗೆ ಒಂದು ಬಾಗಿಲಾದರೂ ಕಾನೂನಿನಲ್ಲಿದೆ. ಕೂಲಿ ಮಾಡಿ ಬದುಕುವವಳು ಎಲ್ಲಿಗೆ ಹೋಗಬೇಕು? ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ಎನ್ನುತ್ತಾರೆ. ಯಾವ ಮಾತಿನಲ್ಲಿ ಹೇಳಬೇಕು, ಹೇಳಿದರೆ ಅದೇ ಆಸ್ಪತ್ರೆಗೆ ಮಗುವಿನ ಚುಚ್ಚುಮದ್ದಿಗೆ ಹೇಗೆ ಹೋಗುವುದು ಎಂದು ಅವಳು ಹೆದರುತ್ತಾಳೆ.

ಈಗ ಬರೆಯುವುದನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. ಎಲ್ಲ ಹೆಂಗಸರಿಗೂ ಈ ಪರೀಕ್ಷೆ ಒಂದೇ ಥರ ಇರುವುದಿಲ್ಲ. ಚಿಕ್ಕಂದಿನಲ್ಲಿ ಮನೆಯವರಿಂದಲೇ ಕೆಟ್ಟದಕ್ಕೆ ಒಳಗಾದವರು, ಮದುವೆಯ ಮಂಚದಲ್ಲೇ ಬಲವಂತ ಅನುಭವಿಸಿದವರು ಹೆರಿಗೆ ಕೋಣೆಯ ಮಂಚದ ಮೇಲೆ ಮಲಗಿರುತ್ತಾರೆ. ವಯಸ್ಸು ತುಂಬುವ ಮೊದಲೇ ಮದುವೆಯಾಗಿ, ತನ್ನ ಮೈಯ ಬಗ್ಗೆ ಇನ್ನೂ ಏನೂ ಗೊತ್ತಿಲ್ಲದ ಹುಡುಗಿಯರೂ ಇರುತ್ತಾರೆ. ಮುಟ್ಟಿದರೆ ಸ್ನಾಯುಗಳು ತಾನಾಗಿಯೇ ಬಿಗಿದುಕೊಂಡು ಉಸಿರು ಕಟ್ಟುವವರೂ ಉಂಟು. ಇವರು ಯಾರೂ ತಮ್ಮ ಕಥೆಯನ್ನು ಕೇಸ್ ಶೀಟಿನಲ್ಲಿ ಬರೆಸಿರುವುದಿಲ್ಲ, ಬರೆಸಬೇಕಾಗಿಯೂ ಇಲ್ಲ. ಅಂಥವಳು ಕಾಲು ಕೂಡಿಸಿಕೊಂಡರೆ ‘ಸಹಕರಿಸುತ್ತಿಲ್ಲ’ ಎಂದು ಬರೆಯುತ್ತಾರೆ. ಇನ್ನು ಕೆಲವರ ಬಾಯಲ್ಲಿ, ‘ಆವಾಗ ನೋವಾಗ್ಲಿಲ್ವಾ, ಈಗ ನೋವಾಗುತ್ತಾ?’ ಎನ್ನುವ ಮಾತು ಬರುತ್ತದೆ. ಸಚಿವರೇ, ಈ ಮಾತನ್ನು ಕೇಳದೆ ನಮ್ಮ ಹೆರಿಗೆ ವಾರ್ಡುಗಳಿಂದ ಮನೆಗೆ ಹೋದವರು ಅದೃಷ್ಟವಂತರು. ಈ ಮಾತು ಆಡಿದವರ ಮೇಲೆ ಕ್ರಮ ಆಗಲೇಬೇಕು, ಅದರಲ್ಲಿ ರಿಯಾಯಿತಿ ಬೇಡ. ಆದರೆ ಕೇಳಿ ಮುಟ್ಟುವ ಪದ್ಧತಿ ಇದ್ದರೆ, ಯಾರಿಗೆ ಯಾವ ಗಾಯ ಇದೆ ಎಂದು ಡಾಕ್ಟರಿಗೆ ಗೊತ್ತಿರಬೇಕಾದ ಅಗತ್ಯವೇ ಬೀಳುವುದಿಲ್ಲ. ಎಲ್ಲರನ್ನೂ ಕೇಳಿದರೆ ಅವಳನ್ನೂ ಕೇಳಿದಂತಾಯಿತು.

ಗಂಡು ಡಾಕ್ಟರುಗಳ ವಿಷಯ ಚುಟುಕಾಗಿ ಹೇಳುತ್ತೇನೆ. ಒಳ್ಳೆಯ ಗಂಡು ಹೆರಿಗೆ ತಜ್ಞರು ಎಷ್ಟೋ ಜನ ಇದ್ದಾರೆ, ಅವರ ಕೈಯಲ್ಲಿ ಜೀವ ಉಳಿದವರೂ ಇದ್ದಾರೆ. ಆದರೆ ಹೆಂಗಸು ಮಹಿಳಾ ಸಿಬ್ಬಂದಿಯೇ ನೋಡಲಿ ಎಂದರೆ, ಇದ್ದರೆ ಅವರನ್ನೇ ಕಳಿಸಬೇಕು. ಗಂಡು ಡಾಕ್ಟರು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಪಕ್ಕದಲ್ಲಿರಬೇಕು ಎಂಬುದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕಿನ ಸನ್ನದಿನಲ್ಲೇ ಇದೆ.

ಒಂಬತ್ತು ತಿಂಗಳಿಗೆ ಒ.ಪಿ.ಡಿ.ಯಲ್ಲಿ ಆಗುವ ಪರೀಕ್ಷೆಯ ಬಗ್ಗೆ ಯಾರೂ ಮಾತೇ ಎತ್ತುವುದಿಲ್ಲ. ‘ದಾರಿ ಸಾಕಷ್ಟಿದೆಯಾ ನೋಡೋಣ’ ಎಂದು ನೋವೇ ಶುರುವಾಗದ ಬಸುರಿಯನ್ನು ಮಲಗಿಸುತ್ತಾರೆ. ಮಗು ಹೊರಬರಲು ಜಾಗ ಸಾಕೇ ಎಂಬುದು ಬಹುತೇಕ ನೋವು ಬಂದ ಮೇಲೆಯೇ ತಿಳಿಯುವ ವಿಷಯ. ಇನ್ನೂ ಕೆಲವರು ಪರೀಕ್ಷೆಯ ನೆಪದಲ್ಲೇ ಬೆರಳು ತಿರುಗಿಸಿ ನೀರಿನ ಚೀಲದ ಪೊರೆಯನ್ನು ಗರ್ಭಕೋಶದ ಗೋಡೆಯಿಂದ ಬಿಡಿಸಿಬಿಡುತ್ತಾರೆ. ಹೆರಿಗೆ ಬೇಗ ಶುರುವಾಗಲೆಂದು ಮಾಡುವ ಕೆಲಸ ಅದು. ಉಪಯೋಗವಿರಬಹುದು, ಆದರೆ ಅದು ಪರೀಕ್ಷೆಯಲ್ಲ, ಚಿಕಿತ್ಸೆ. ಮನೆಗೆ ಹೋಗಿ ರಾತ್ರಿ ರಕ್ತದ ಕಲೆ, ನೋವು ನೋಡಿ ಗಾಬರಿಯಾಗುವ ಹುಡುಗಿಗೆ ಬೆಳಿಗ್ಗೆ ತನಗೆ ಏನು ಮಾಡಿದರು ಎಂದೇ ಗೊತ್ತಿರುವುದಿಲ್ಲ. ಇದನ್ನು ಹೇಳದೆ ಮಾಡುವುದು ನಿಲ್ಲಬೇಕು.

ವಿದ್ಯಾರ್ಥಿಗಳು ಕಲಿಯುವುದು ಎಲ್ಲಿ ಎಂದು ವೈದ್ಯಕೀಯ ಶಿಕ್ಷಣ ಇಲಾಖೆಯವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾಳೆ ನನ್ನ ಮಗಳ ಹೆರಿಗೆ ಮಾಡಿಸಬೇಕಾದವರು ಅವರೇ, ಚೆನ್ನಾಗಿಯೇ ಕಲಿಯಲಿ. ಗೊಂಬೆಯ ಮೇಲೆ ಕೈ ಪಳಗಿಸಿಕೊಂಡು ಬರಲಿ. ಆಮೇಲೆ ತಾಯಿಯ ಮುಂದೆ ನಿಂತು, ‘ಅಕ್ಕ, ನಾನು ಕಲೀತಾ ಇದೀನಿ. ಮೇಡಂ ನೋಡಿದ ಮೇಲೆ ನಾನೂ ಒಂದ್ಸಲ ನೋಡಬಹುದಾ? ಬೇಡ ಅಂದ್ರೆ ಪರವಾಗಿಲ್ಲ’ ಎಂದು ಕೇಳಲಿ. ನಮ್ಮ ಹೆಂಗಸರಲ್ಲಿ ಎಷ್ಟೋ ಜನ ಒಪ್ಪುತ್ತಾರೆ, ಕಲಿಯುವ ಮಕ್ಕಳೆಂದರೆ ನಮಗೆ ಅಷ್ಟು ಅಕ್ಕರೆಯಿದೆ. ಒಪ್ಪದವರಿದ್ದರೆ ಅಲ್ಲಿಗೆ ಮುಗಿಯಿತು. 2019ರಿಂದ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ, ಸಂವಹನಕ್ಕೆಂದೇ ಪಾಠ ಸೇರಿಸಿದ್ದಾರೆ. ತರಗತಿಯಲ್ಲಿ ಕಲಿತ ಆ ಪಾಠವನ್ನು ಹೆರಿಗೆ ವಾರ್ಡಿನ ಬಾಗಿಲಲ್ಲಿ ಮರೆಸುವವರು ದೊಡ್ಡವರೇ. ವಿಭಾಗದ ಮುಖ್ಯಸ್ಥರು ತಾವೇ ಕೇಳಿ ಮುಟ್ಟಿದರೆ ಹೌಸ್ ಸರ್ಜನ್‌ಗಳೂ ಹಾಗೇ ಮಾಡುತ್ತಾರೆ.

‘ಬೇಡ ಅಂದುಬಿಟ್ಟರೆ, ಮಗುವಿಗೆ ಏನಾದರೂ ಆದರೆ, ನಮ್ಮ ತಲೆಗೆ ಬರುತ್ತದೆ’ ಎಂಬ ಭಯ ಡಾಕ್ಟರುಗಳಲ್ಲಿದೆ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ನೋವಿನಲ್ಲಿರುವ ತಾಯಿಗೆ ತನ್ನ ಮಗುವಿನ ಮೇಲೆ ಇರುವಷ್ಟು ಕಾಳಜಿ ಆ ಕೋಣೆಯಲ್ಲಿ ಇನ್ನಾರಿಗೂ ಇರುವುದಿಲ್ಲ. ‘ಎದೆಬಡಿತ ಇಳೀತಿದೆ, ಈಗಲೇ ನೋಡ್ಬೇಕು’ ಎಂದು ಎರಡು ಮಾತು ಹೇಳಿದರೆ ಬೇಡವೆನ್ನುವ ತಾಯಿ ಅಪರೂಪ. ನಮ್ಮಲ್ಲಿ ‘ಬೇಡ’ ಎಂಬುದರ ಅರ್ಥ ಬಹುಪಾಲು ಸಲ ‘ಈಗ ಬೇಡ’, ‘ಇಷ್ಟು ಜನರ ಮುಂದೆ ಬೇಡ’, ‘ಇವರು ಬೇಡ, ಆಗ ನೋಡಿದ ಸಿಸ್ಟರೇ ನೋಡಲಿ’ ಎಂದಿರುತ್ತದೆ. ಕೇಳಿದರೆ ಅದು ಗೊತ್ತಾಗುತ್ತದೆ. ಎಲ್ಲ ತಿಳಿಸಿದ ಮೇಲೂ ಅವಳು ಒಪ್ಪದಿದ್ದರೆ ಹಾಗೆಂದು ಬರೆದು, ಹೊಟ್ಟೆಯ ಮೇಲಿನಿಂದ ನೋಡುವುದನ್ನೂ ಎದೆಬಡಿತ ಕೇಳುವುದನ್ನೂ ಮುಂದುವರಿಸಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಲಿ. ಬರೆದಿಟ್ಟ ದಾಖಲೆ ಡಾಕ್ಟರನ್ನೂ ಕಾಯುತ್ತದೆ.

ಹಾಗಾದರೆ ನೀವು ಮಾಡಬೇಕಾದದ್ದೇನು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಂದ ಹೊಸ ಹೆರಿಗೆ ನಕ್ಷೆಯಲ್ಲಿ (ಹೆರಿಗೆ ಹೇಗೆ ಸಾಗುತ್ತಿದೆ ಎಂದು ಬರೆದಿಡುವ ಹಾಳೆ) ಜೊತೆಗೆ ಯಾರಿದ್ದಾರೆ, ನೋವಿಗೆ ಏನು ಕೊಟ್ಟರು, ಕುಡಿಯಲು ಕೊಟ್ಟರೇ, ಯಾವ ಭಂಗಿಯಲ್ಲಿದ್ದಾಳೆ ಎಂದು ಬರೆಯಲು ಸಾಲುಗಳಿವೆ. ನಮ್ಮ ಕೇಸ್ ಶೀಟಿನಲ್ಲಿ ಪ್ರತಿ ಒಳಪರೀಕ್ಷೆಯ ಪಕ್ಕದಲ್ಲಿ ಇನ್ನೊಂದು ಅಂಕಣ ಸೇರಿಸಿ: ಯಾರು ಮಾಡಿದರು, ಏಕೆ, ಕೇಳಿದರೇ, ಅವಳು ಏನೆಂದಳು. ಅದು ತುಂಬಲು ಪೆನ್ನಿನ ಎರಡು ಗೀಟು ಸಾಕು. ಆದರೆ ಹೀಗೆ ಬರೆಯಲೇಬೇಕು ಎಂದಾದರೆ ಕಾರಣವಿಲ್ಲದ ಪರೀಕ್ಷೆಗಳು ತಾವಾಗಿಯೇ ಕಡಿಮೆಯಾಗುತ್ತವೆ. ತಾಲ್ಲೂಕಿನಿಂದ ಮೇಲಕ್ಕೆ ಕಳಿಸುವಾಗ ಆ ಹಾಳೆ ಜೊತೆಗೇ ಹೋಗಲಿ, ಬಂದ ತಕ್ಷಣ ಇನ್ನೊಮ್ಮೆ ನೋಡುವ ಅಗತ್ಯವಿದೆಯೇ ಎಂದು ಅಲ್ಲಿಯವರು ಯೋಚಿಸಲಿ. ಪಾಳಿ ಬದಲಾಗುವಾಗ ಇಬ್ಬರೂ ಸೇರಿ ಒಂದೇ ಸಲ ನೋಡಲಿ. ಜೊತೆಗಾತಿಯನ್ನು ಒಳಗೆ ಬಿಡುವುದು ಸಿಬ್ಬಂದಿಯ ಮರ್ಜಿಗೆ ಬಿಟ್ಟದ್ದಾಗಬಾರದು. ತಾಯಿ ಕಾರ್ಡಿನ ಮುಂದಿನ ಮುದ್ರಣದಲ್ಲಿ ಅರ್ಧ ಪುಟವಾದರೂ ಈ ವಿಷಯಕ್ಕೆ ಮೀಸಲಿಡಿ: ಒಳಪರೀಕ್ಷೆ ಎಂದರೇನು, ಏಕೆ ಮಾಡುತ್ತಾರೆ, ನೀವು ಏನು ಕೇಳಬಹುದು. ಆಶಾ ಕಾರ್ಯಕರ್ತೆಯರು ಏಳನೆಯ ತಿಂಗಳಲ್ಲಿ ಬಂದಾಗ ಅದನ್ನು ಓದಿ ಹೇಳಲಿ, ಓದು ಬಾರದ ಅತ್ತೆಯ ಎದುರಿಗೂ ಹೇಳಲಿ. ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ, ಆ ಆಸ್ಪತ್ರೆಗೆ ಸೇರದ ಯಾರಾದರೂ ಫೋನ್ ಮಾಡಿ ವಿಚಾರಿಸಲಿ. ವಾರ್ಡಿನಲ್ಲಿ ಸಿಸ್ಟರ್ ಎದುರಿಗೇ ‘ಚೆನ್ನಾಗಿ ನೋಡಿಕೊಂಡರಾ’ ಎಂದು ಕೇಳಿದರೆ ಎಲ್ಲರೂ ‘ಹ್ಞೂಂ’ ಎಂದೇ ಅನ್ನುವುದು. ನೆರೆಯ ತೆಲಂಗಾಣ 2017ರಲ್ಲಿ ವೃತ್ತಿಪರ ಮಿಡ್‌ವೈಫ್ ತರಬೇತಿ ಶುರುಮಾಡಿತು, ಕೇಂದ್ರವೂ 2018ರ ಕೊನೆಗೆ ಅದಕ್ಕೆ ಮಾರ್ಗಸೂಚಿ ತಂದಿತು. ಹೆರಿಗೆಯಿಡೀ ಒಬ್ಬರೇ ಪಕ್ಕದಲ್ಲಿದ್ದು ನೋಡಿಕೊಳ್ಳುವ ಅಂಥವರನ್ನು ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೂ ಕೊಡಿ.

ಇದನ್ನು ಓದುತ್ತಿರುವ ಬಸುರಿ ತಂಗಿಯರಿಗೆ ಎರಡು ಮಾತು. ಆದೇಶ ಬರುವವರೆಗೂ ನೀವು ಬಾಯಿ ಕಟ್ಟಿಕೊಂಡು ಇರಬೇಕಾಗಿಲ್ಲ. ‘ಏನಕ್ಕೆ ನೋಡ್ತಿದೀರಾ ಸಿಸ್ಟರ್?’ ಎಂದು ಕೇಳಬಹುದು. ‘ಈ ನೋವು ಹೋಗ್ಲಿ, ಆಮೇಲೆ ನೋಡಿ’ ಅನ್ನಬಹುದು. ‘ನಿಲ್ಸಿ’ ಅನ್ನಬಹುದು. ‘ಪರದೆ ಎಳೀರಿ, ಒಬ್ಬರೇ ಇರಿ’ ಎನ್ನಬಹುದು. ‘ಎಷ್ಟು ಬಿಟ್ಟಿದೆ, ನನಗೂ ಹೇಳಿ’ ಎಂದು ಕೇಳಬಹುದು. ನೋವಿನಲ್ಲಿ ಮಾತು ಹೊರಡದಿದ್ದರೆ ನಿಮ್ಮ ಪರವಾಗಿ ಇದನ್ನೆಲ್ಲ ಹೇಳಲು ಅಮ್ಮನಿಗೋ ಅಕ್ಕನಿಗೋ ಈಗಲೇ ಹೇಳಿಕೊಡಿ. ಯಾರಾದರೂ ನಿಮ್ಮನ್ನು ಕೇಳಿ, ಕಾದು ನೋಡಿದರೆ, ಮನೆಗೆ ಹೋಗುವಾಗ ಅವರಿಗೆ ಒಂದು ಒಳ್ಳೆಯ ಮಾತು ಹೇಳಿ ಹೋಗಿ. ಆ ಕೆಲಸ ಮಾಡುವವರಿಗೆ ಅದು ಅಪರೂಪಕ್ಕೆ ಸಿಗುತ್ತದೆ.

ಮಾನ್ಯ ಸಚಿವರೇ, ಎರಡೂ ಇಲಾಖೆಗಳು ಸೇರಿ ಒಂದು ಜಂಟಿ ಸುತ್ತೋಲೆ ಹೊರಡಿಸಬೇಕು, ಅದು ಕನ್ನಡದಲ್ಲಿರಬೇಕು, ಪ್ರತಿ ಹೆರಿಗೆ ಕೋಣೆಯ ಒಳಗೋಡೆಯ ಮೇಲೆ ಮಂಚದಿಂದ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಅಂಟಿಸಬೇಕು ಎಂದು ಕೇಳಿಕೊಳ್ಳುತ್ತೇನೆ. ಸುತ್ತೋಲೆಯ ಕರಡು ಬರೆಯುವ ಸಮಿತಿಯಲ್ಲಿ ಹೆರಿಗೆ ತಜ್ಞರ ಜೊತೆಗೆ, ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಹೆಂಗಸರನ್ನೂ ರಾತ್ರಿ ಪಾಳಿ ಮಾಡುವ ಸ್ಟಾಫ್ ನರ್ಸುಗಳನ್ನೂ ಕೂರಿಸಿ. ನಿಮ್ಮ ಉತ್ತರವನ್ನೂ ಎಲ್ಲರೂ ಓದುವ ಹಾಗೆ ಬಹಿರಂಗವಾಗಿಯೇ ಕೊಡಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಇಬ್ಬರು ಮಕ್ಕಳ ತಾಯಿ
ತುಮಕೂರು ಜಿಲ್ಲೆ